ಕ್ಲಿಕ್ ಜಾಹೀರಾತುಗಳ ನಿರ್ವಹಣೆಗೆ ತಂತ್ರಾಂಶ ಆರಿಸುವುದು: ಹಣ ಕಟ್ಟುವ ಮುನ್ನ ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಗೂಗಲ್ ಆಡ್ಸ್, ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್), ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್‌ಗಳಲ್ಲಿ ಪ್ರತಿ ಕ್ಲಿಕ್ಕಿಗೆ ಹಣ ತೆತ್ತು ಜಾಹೀರಾತು ನಡೆಸುವ ಅನೇಕರು, ಅದರ ನಿರ್ವಹಣೆಗೆಂದು ಪ್ರತ್ಯೇಕ ತಂತ್ರಾಂಶ ಕೊಂಡು ಮೂರು ನಾಲ್ಕು ತಿಂಗಳಲ್ಲಿ ಕೈಬಿಡುತ್ತಾರೆ. ಬಹಳಷ್ಟು ಸಲ ಆ ತಂತ್ರಾಂಶದಲ್ಲಿ ದೊಡ್ಡ ದೋಷವೇನೂ ಇರುವುದಿಲ್ಲ. ಡೆಮೊ ನೋಡಿ, ಹಣ ಕಟ್ಟಿ, ಖಾತೆ ಜೋಡಿಸಿ, ಆಮೇಲೆ ‘ಇದರಿಂದ ಏನು ಮಾಡಿಸೋಣ’ ಎಂದು ಯೋಚಿಸಿದ್ದೇ ತಪ್ಪಾಗಿರುತ್ತದೆ. ಆದ್ದರಿಂದ ಇಲ್ಲಿ ಹೇಳಿದ ಹಂತಗಳನ್ನು ಹಿಂದುಮುಂದು ಮಾಡದೆ ಇದೇ ಕ್ರಮದಲ್ಲಿ ನಡೆಸಿರಿ. ಮೂರನೆಯ ಹಂತ ಮುಗಿಯುವ ಹೊತ್ತಿಗೆ ಏನನ್ನೂ ಕೊಳ್ಳುವ ಅಗತ್ಯವಿಲ್ಲ ಎಂದು ತೋರಿದರೆ ಅಲ್ಲಿಗೇ ನಿಲ್ಲಿಸಬಹುದು.

ಮೊದಲು ಕೈಯಲ್ಲಿ ಇರಬೇಕಾದವು

ಜಾಹೀರಾತು ಖಾತೆಯ ಅಡ್ಮಿನ್ ಲಾಗಿನ್ ನಿಮ್ಮದೇ ಹೆಸರಿನಲ್ಲಿ ಇರಬೇಕು. ಏಜೆನ್ಸಿಯವರ ಹೆಸರಿನಲ್ಲಿ ಮಾತ್ರ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಕಳೆದ ಮೂರು ತಿಂಗಳ ಜಾಹೀರಾತು ಬಿಲ್ಲುಗಳು, ಅದೇ ಅವಧಿಯ ಮಾರಾಟ ಅಥವಾ ವಿಚಾರಣೆಗಳ ಲೆಕ್ಕ, ಒಂದು ಸಾದಾ ಸ್ಪ್ರೆಡ್‌ಶೀಟ್ ಮತ್ತು ಎರಡು ವಾರದ ತಾಳ್ಮೆ, ಇಷ್ಟಿದ್ದರೆ ಆರಂಭಿಸಬಹುದು.

ಹಂತ 1: ಎಣಿಕೆ ಸರಿಯಿದೆಯೇ ಎಂದು ಪರೀಕ್ಷಿಸಿ

ಕ್ಲಿಕ್ ಮಾಡಿದವರು ಫೋನ್ ಮಾಡಿದರೋ, ಫಾರಂ ತುಂಬಿದರೋ, ಸರಕು ಕೊಂಡರೋ ಎಂಬುದನ್ನು ಕನ್ವರ್ಷನ್ ಎಂದು ಎಣಿಸಲಾಗುತ್ತದೆ. ಯಾವುದೇ ನಿರ್ವಹಣಾ ತಂತ್ರಾಂಶ ಬಿಡ್ (ಒಂದು ಕ್ಲಿಕ್ಕಿಗೆ ಹರಾಜಿನಲ್ಲಿ ಕೂಗುವ ಬೆಲೆ) ಏರಿಸುವುದೂ ಇಳಿಸುವುದೂ, ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ತೋರಬೇಕೋ ಆ ಪದ) ನಿಲ್ಲಿಸುವುದೂ ಈ ಎಣಿಕೆಯನ್ನು ನಂಬಿಯೇ. ಎಣಿಕೆಯೇ ತಪ್ಪಿದ್ದರೆ ತಂತ್ರಾಂಶವು ತಪ್ಪು ನಿರ್ಧಾರಗಳನ್ನು ನಿಮಗಿಂತ ವೇಗವಾಗಿ ಕೈಗೊಳ್ಳುತ್ತದೆ.

ಇದನ್ನು ನಾನು ಕಲಿತದ್ದು ಹುಬ್ಬಳ್ಳಿಯ ಒಬ್ಬ ಗ್ರಾಹಕರ ಖಾತೆಯಲ್ಲಿ. 500 ರೂಪಾಯಿ ಖರ್ಚಾಗಿಯೂ ಕನ್ವರ್ಷನ್ ಬಾರದ ಕೀವರ್ಡನ್ನು ನಿಲ್ಲಿಸು ಎಂಬ ನಿಯಮವನ್ನು ಹೊಸ ತಂತ್ರಾಂಶದಲ್ಲಿ ಬರೆದಿಟ್ಟಿದ್ದೆ. ಅದೇ ವಾರ ಜಾಲತಾಣದವರು ಫಾರಂ ತುಂಬಿದ ಮೇಲೆ ತೆರೆದುಕೊಳ್ಳುವ ‘ಧನ್ಯವಾದ’ ಪುಟದ ವಿಳಾಸವನ್ನು ಬದಲಾಯಿಸಿದರು. ಎಣಿಕೆ ಸೊನ್ನೆಗೆ ಇಳಿಯಿತು. ಶನಿವಾರ ರಾತ್ರಿಯೊಳಗೆ ಚೆನ್ನಾಗಿ ದುಡಿಯುತ್ತಿದ್ದ ಕೀವರ್ಡ್‌ಗಳೆಲ್ಲ ಒಂದೊಂದಾಗಿ ನಿಂತವು. ಸೋಮವಾರ ಬೆಳಿಗ್ಗೆ ಅಂಗಡಿಯವರ ಕರೆ: “ಏನ್ರೀ ಸರ, ಶನಿವಾರದಿಂದ ಒಂದ್ ಫೋನೂ ಬಂದಿಲ್ಲ. ಎಲ್ಲಾ ಬಂದ್ ಮಾಡೀರೇನ್ ಮತ್ತ?” ತಂತ್ರಾಂಶ ತನಗೆ ಹೇಳಿದ್ದನ್ನೇ ಮಾಡಿತ್ತು. ತಪ್ಪು ನನ್ನದು.

ಪರೀಕ್ಷೆ ಹೀಗೆ ಮಾಡಿ. ನಿಮ್ಮದೇ ಜಾಲತಾಣದ ಫಾರಂ ತುಂಬಿರಿ, ಕರೆಯ ಗುಂಡಿ ಒತ್ತಿರಿ, ವಾಟ್ಸಾಪ್ ಕೊಂಡಿ ತೆರೆಯಿರಿ. ಮೂರನ್ನೂ ಮೊಬೈಲಿನಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ. ಒಂದೊಂದೂ ಒಂದೇ ಸಲ ದಾಖಲಾಗಬೇಕು. ಪುಟವನ್ನು ರಿಫ್ರೆಶ್ ಮಾಡಿದಾಗ ಲೆಕ್ಕ ಎರಡಾದರೆ ಅದೂ ದೋಷವೇ. ಬಳಿಕ ಕಳೆದ ತಿಂಗಳ ಕನ್ವರ್ಷನ್ ಸಂಖ್ಯೆಯನ್ನು, ಕರೆ ಸ್ವೀಕರಿಸುವವರ ನೋಟ್‌ಬುಕ್ಕಿನ ಜೊತೆ ಇಟ್ಟು ನೋಡಿ. ಖಾತೆ 90 ಎನ್ನುತ್ತಿದ್ದು ನೋಟ್‌ಬುಕ್ಕಿನಲ್ಲಿ 35 ಹೆಸರುಗಳಿದ್ದರೆ ತಂತ್ರಾಂಶದ ಮಾತನ್ನು ಸದ್ಯಕ್ಕೆ ಮುಂದೂಡಿ.

ನಮ್ಮಲ್ಲಿ ಹೆಚ್ಚಿನ ವ್ಯಾಪಾರ ಕುದುರುವುದು ಫೋನಿನಲ್ಲಿ ಮತ್ತು ವಾಟ್ಸಾಪಿನಲ್ಲಿ. ಹಾಗಾಗಿ ಫಾರಂ ತುಂಬಿದವರಲ್ಲಿ ಯಾರು ನಿಜವಾಗಿ ಕೊಂಡರು ಎಂಬ ಮಾಹಿತಿಯನ್ನು ಗೂಗಲ್‌ಗೆ ಹಿಂದಿರುಗಿಸುವ ವ್ಯವಸ್ಥೆ ಇದ್ದರೆ ಬಹಳ ಅನುಕೂಲ. ಪ್ರತಿ ಕ್ಲಿಕ್ಕಿಗೂ ಗೂಗಲ್ ಕೊಡುವ ಗುರುತು ಸಂಕೇತವಾದ ಜಿಕ್ಲಿಡ್ ಅನ್ನು ಫಾರಂ ಜೊತೆಗೇ ಉಳಿಸಿಕೊಂಡರೆ, ಕ್ಲಿಕ್ ನಡೆದ 90 ದಿನಗಳ ಒಳಗೆ ಮಾರಾಟದ ವಿವರವನ್ನು ಖಾತೆಗೆ ಏರಿಸಬಹುದು. ಮುಂದೆ ಆರಿಸುವ ತಂತ್ರಾಂಶ ಇದಕ್ಕೆ ಒದಗುತ್ತದೆಯೇ ಎಂಬ ಪ್ರಶ್ನೆಯನ್ನು ಈಗಲೇ ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ.

ಹಂತ 2: ಎರಡು ವಾರ ಕೆಲಸದ ದಿನಚರಿ ಬರೆಯಿರಿ

ತಂತ್ರಾಂಶ ಮಾರುವವರು ಮೊದಲು ಕೇಳುವ ಪ್ರಶ್ನೆ ‘ನಿಮ್ಮ ಸಮಸ್ಯೆ ಏನು’ ಎಂಬುದು. ಉತ್ತರ ಬಾಯಿಮಾತಿನಲ್ಲಿದ್ದರೆ ಅವರ ಬಳಿ ಇರುವುದೇ ನಿಮ್ಮ ಸಮಸ್ಯೆಗೆ ಪರಿಹಾರವಾಗಿಬಿಡುತ್ತದೆ! ಆದ್ದರಿಂದ ನಾಲ್ಕು ಅಂಕಣಗಳ ಪಟ್ಟಿ ಮಾಡಿ: ಮಾಡಿದ ಕೆಲಸ, ಯಾವ ವೇದಿಕೆಯಲ್ಲಿ, ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ. ಎರಡು ವಾರ ಪ್ರಾಮಾಣಿಕವಾಗಿ ತುಂಬಿ.

ಉದಾಹರಣೆಗೆ ಮೈಸೂರಿನಲ್ಲಿ ಸೋಲಾರ್ ಹೀಟರ್ ಮಾರುವ ಅಂಗಡಿಯೊಂದು ತಿಂಗಳಿಗೆ 60,000 ರೂಪಾಯಿಯ ಜಾಹೀರಾತು ನಡೆಸುತ್ತದೆ ಎಂದುಕೊಳ್ಳಿ. ಜನ ಹುಡುಕಿದ ಪದಗಳನ್ನು ಪರಿಶೀಲಿಸಿ ಬೇಡದವನ್ನು ತೆಗೆಯಲು 50 ನಿಮಿಷದಂತೆ ವಾರಕ್ಕೆ ಎರಡು ಸಲ, ಬಜೆಟ್ ನೋಡಲು 15 ನಿಮಿಷದಂತೆ ಆರು ದಿನ, ವಾರದ ವರದಿಗೆ 60 ನಿಮಿಷ, ಜಾಹೀರಾತಿನ ಪಠ್ಯ ತಿದ್ದಲು 30 ನಿಮಿಷ. ಒಟ್ಟು 280 ನಿಮಿಷ. ಇದರಲ್ಲಿ ಯಂತ್ರಕ್ಕೆ ಸುಲಭವಾಗಿ ಒಪ್ಪಿಸಬಹುದಾದದ್ದು ಬಜೆಟ್ ಮತ್ತು ವರದಿಯ 150 ನಿಮಿಷ. ‘ಸೋಲಾರ್ ಹೀಟರ್ ರಿಪೇರಿ’ ಎಂದು ಹುಡುಕಿದವರು ಬೇಕೋ ಬೇಡವೋ ಎಂಬುದು ಅಂಗಡಿಯವರಿಗೇ ಗೊತ್ತು. ತಂತ್ರಾಂಶ ಆ ಪದವನ್ನು ಎತ್ತಿ ತೋರಿಸೀತು, ತೀರ್ಮಾನ ಮನುಷ್ಯರದೇ.

ಎಚ್ಚರಿಕೆಯ ಗುರುತು: ದಿನಚರಿಯಲ್ಲಿ ಹೆಚ್ಚಿನ ಸಮಯ ‘ಫೋನ್ ಎತ್ತಿಕೊಳ್ಳಲಿಲ್ಲ, ಮತ್ತೆ ಕರೆ ಮಾಡಿದೆ’ ಎಂಬಂಥ ಸಾಲುಗಳಲ್ಲಿ ಹೋಗಿದ್ದರೆ ನಿಮಗೆ ಬೇಕಾದದ್ದು ಗ್ರಾಹಕರ ವಿಚಾರಣೆಗಳನ್ನು ನೋಡಿಕೊಳ್ಳುವ ಬೇರೆ ಬಗೆಯ ತಂತ್ರಾಂಶ, ಅಥವಾ ಇನ್ನೊಬ್ಬ ಸಿಬ್ಬಂದಿ.

ಹಂತ 3: ಉಚಿತ ಸಾಧನಗಳಿಂದ ಎಷ್ಟು ಮುಗಿಯುತ್ತದೆ ನೋಡಿ

ಈ ಹಂತವನ್ನು ಹಾರಿಸಿದವರೇ ಆಮೇಲೆ ಹೆಚ್ಚು ಪರಿತಪಿಸುತ್ತಾರೆ. ಗೂಗಲ್ ಆಡ್ಸ್ ಎಡಿಟರ್ ಎಂಬ ಉಚಿತ ಅಪ್ಲಿಕೇಶನ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಸಾವಿರಾರು ಕೀವರ್ಡ್‌ಗಳನ್ನು ಇಂಟರ್ನೆಟ್ ಇಲ್ಲದೆಯೂ ತಿದ್ದಿ, ಪರಿಶೀಲಿಸಿ, ಒಟ್ಟಿಗೆ ಏರಿಸಬಹುದು. ಹಲವು ಗ್ರಾಹಕರ ಖಾತೆಗಳನ್ನು ಒಂದೇ ಲಾಗಿನ್‌ನಲ್ಲಿ ನೋಡಲು ಮ್ಯಾನೇಜರ್ ಖಾತೆ ಉಚಿತ. ಗೂಗಲ್‌ನ ಕ್ಯಾಂಪೇನ್‌ಗಳನ್ನು (ಒಂದು ಬಜೆಟ್ಟಿನಡಿ ಓಡುವ ಜಾಹೀರಾತುಗಳ ಕಂತೆ) ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್‌ಗೆ ನೇರವಾಗಿ ತರಿಸಿಕೊಳ್ಳುವ ಸೌಲಭ್ಯ ಅಲ್ಲಿಯೇ ಇದೆ. ವರದಿಗೆ ಲುಕರ್ ಸ್ಟುಡಿಯೊ ಇದೆ. 2022ರವರೆಗೆ ಡೇಟಾ ಸ್ಟುಡಿಯೊ ಎನ್ನುತ್ತಿದ್ದುದು ಇದನ್ನೇ.

ಗೂಗಲ್ ಆಡ್ಸ್ ಒಳಗಿನ ಸ್ವಯಂಚಾಲಿತ ನಿಯಮಗಳು ಸರಳ ಕೆಲಸಗಳಿಗೆ ಸಾಕು. ಅದಕ್ಕಿಂತ ಮುಂದೆ ಹೋಗಬೇಕಾದರೆ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವ ಗೂಗಲ್ ಆಡ್ಸ್ ಸ್ಕ್ರಿಪ್ಟ್‌ಗಳಿವೆ. ಗಂಟೆಗೊಮ್ಮೆ ಓಡಿಸಬಹುದು, ಒಂದು ಓಟಕ್ಕೆ 30 ನಿಮಿಷದ ಮಿತಿ ಇದೆ. ಎರಡು ಮೂರು ಖಾತೆ ನೋಡಿಕೊಳ್ಳುವವರಿಗೆ ಈ ಮಿತಿ ಅಡ್ಡ ಬರುವುದಿಲ್ಲ. ಬೇರೆಯವರು ಬರೆದ ಸ್ಕ್ರಿಪ್ಟನ್ನು ತಂದು ಹಾಕುವ ಮುನ್ನ ‘ಪ್ರಿವ್ಯೂ’ ಒತ್ತಿ, ಅದು ಏನೇನು ಬದಲಿಸಲಿದೆ ಎಂದು ಸಾಲು ಸಾಲಾಗಿ ಓದಿ.

ಮೇಲಿನ ಮೈಸೂರಿನ ಅಂಗಡಿಯ 150 ನಿಮಿಷಗಳು ಇಲ್ಲಿಯೇ ಬಹುಪಾಲು ಕರಗುತ್ತವೆ. ಒಂದೇ ವೇದಿಕೆ, ಒಂದೇ ಖಾತೆ, ತಿಂಗಳಿಗೆ ಒಂದು ಲಕ್ಷಕ್ಕಿಂತ ಕಡಿಮೆ ಖರ್ಚು ಇರುವವರು ಹಣ ತೆತ್ತು ತಂತ್ರಾಂಶ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹತ್ತಾರು ಖಾತೆಗಳಿರುವವರು, ಮೂರು ವೇದಿಕೆಗಳ ಬಜೆಟ್ಟನ್ನು ಒಟ್ಟಿಗೆ ತೂಗಬೇಕಾದವರು, ಸಾವಿರಾರು ಸರಕುಗಳಿರುವ ಆನ್‌ಲೈನ್ ಅಂಗಡಿಯವರು ಮುಂದೆ ಓದಲಿ.

ಹಂತ 4: ಯಾವ ಬಗೆಯ ತಂತ್ರಾಂಶ ಎಂದು ಮೊದಲು ನಿರ್ಧರಿಸಿ

ಮಾರುಕಟ್ಟೆಯಲ್ಲಿ ಇರುವವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಇಡಬಾರದು. ಸೂಪರ್‌ಮೆಟ್ರಿಕ್ಸ್‌ನಂಥವು ಅಂಕಿಅಂಶಗಳನ್ನು ಒಂದೆಡೆ ತಂದು ಹಾಕುತ್ತವೆ. ಆಪ್ಟ್‌ಮೈಜರ್‌ನಂಥವು ಖಾತೆಯನ್ನು ಪರಿಶೀಲಿಸಿ ತಿದ್ದುಪಡಿ ಸೂಚಿಸುತ್ತವೆ, ಒಪ್ಪಿದರೆ ಜಾರಿಯನ್ನೂ ಮಾಡುತ್ತವೆ. ಸರ್ಚ್ ಆಡ್ಸ್ 360, ಸ್ಕೈ ಮುಂತಾದವು ದೊಡ್ಡ ಬಜೆಟ್ಟಿನ, ಹಲವು ವೇದಿಕೆಗಳ ಕಂಪನಿಗಳಿಗೆ. 2021ರವರೆಗೆ ಸ್ಕೈನ ಹೆಸರು ಕೆನ್ಶೂ ಎಂದಿತ್ತು, ಹಳೆಯ ಬರಹಗಳಲ್ಲಿ ಆ ಹೆಸರು ಕಂಡರೆ ಗಲಿಬಿಲಿಯಾಗಬೇಡಿ. ದಿನಚರಿಯಲ್ಲಿ ಯಾವ ಸಾಲು ಭಾರವಾಗಿದೆಯೋ ಆ ಬಗೆಯಲ್ಲಿ ಮೂರನ್ನು ಮಾತ್ರ ಆರಿಸಿಕೊಳ್ಳಿ.

ಇಲ್ಲಿ ಒಂದು ಮಾತು ಮುಖ್ಯ. ನಿಮ್ಮ ಕ್ಯಾಂಪೇನ್‌ಗಳು ಗೂಗಲ್‌ನ ಸ್ಮಾರ್ಟ್ ಬಿಡ್ಡಿಂಗ್‌ನಲ್ಲಿ ಓಡುತ್ತಿದ್ದರೆ, ಕೀವರ್ಡ್‌ಗೆ ನೀವು ನಮೂದಿಸುವ ಬಿಡ್‌ಗೆ ಬೆಲೆಯಿಲ್ಲ. ಹರಾಜಿನ ಕ್ಷಣದಲ್ಲಿ ಗೂಗಲ್ ತಾನೇ ಬಿಡ್ ನಿಗದಿಪಡಿಸುತ್ತದೆ. ಅಂಥ ಖಾತೆಗೆ ‘ಪ್ರತಿ ಗಂಟೆಗೂ ಕೀವರ್ಡ್ ಬಿಡ್ ತಿದ್ದುತ್ತೇವೆ’ ಎನ್ನುವ ತಂತ್ರಾಂಶ ಕೊಂಡರೆ ಹಣ ನೀರಿನಲ್ಲಿಟ್ಟ ಹೋಮ. ಸ್ಮಾರ್ಟ್ ಬಿಡ್ಡಿಂಗ್ ಬಳಸುವವರು ಒಂದು ಕನ್ವರ್ಷನ್‌ಗೆ ತೆರಬಹುದಾದ ಗುರಿಯ ಮೊತ್ತ, ಬಜೆಟ್ ಹಂಚಿಕೆ, ಹುಡುಕಿದ ಪದಗಳ ಶೋಧನೆ, ಸರಕುಗಳ ಫೀಡ್ (ವೇದಿಕೆಗೆ ಕೊಡುವ ಸರಕುಗಳ ಪಟ್ಟಿ) ಇವುಗಳಲ್ಲಿ ಸಹಾಯ ಮಾಡುವಂಥದ್ದನ್ನು ಹುಡುಕಬೇಕು.

ಕಳ್ಳ ಕ್ಲಿಕ್ಕುಗಳನ್ನು ತಡೆಯುತ್ತೇವೆ ಎನ್ನುವ ಜೊತೆ ಸೇವೆಯನ್ನೂ ಅನೇಕರು ಸೇರಿಸಿ ಮಾರುತ್ತಾರೆ. ಗೂಗಲ್ ಆಡ್ಸ್‌ನಲ್ಲಿ ಒಂದು ಕ್ಯಾಂಪೇನ್‌ಗೆ 500 ಐಪಿ ವಿಳಾಸಗಳನ್ನಷ್ಟೇ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು) ನಿರ್ಬಂಧಿಸಬಹುದು. ನಮ್ಮ ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಅನೇಕ ಚಂದಾದಾರರು ಹಂಚಿಕೊಳ್ಳುವುದರಿಂದ, ಕಳ್ಳನ ಜೊತೆಗೆ ನಾಳಿನ ಗಿರಾಕಿಗೂ ಬಾಗಿಲು ಮುಚ್ಚಿದಂತಾಗಬಹುದು.

ಹಂತ 5: ಬೆಲೆಯನ್ನು ಜಾಹೀರಾತು ಖರ್ಚಿನ ಜೊತೆ ಇಟ್ಟು ಲೆಕ್ಕ ಹಾಕಿ

ತಿಂಗಳಿಗೆ 15,000 ರೂಪಾಯಿ ಎಂದು ಹೇಳಿದ ತಂತ್ರಾಂಶ, ಶೇ. 18 ಜಿಎಸ್‌ಟಿ ಸೇರಿ 17,700 ಆಗುತ್ತದೆ. ಐದು ಲಕ್ಷ ಖರ್ಚಿಗೆ ಇದು ಹೊರೆಯಲ್ಲ. ಆದರೆ 60,000 ರೂಪಾಯಿಯ ಖಾತೆಗೆ ಅದು ಶೇ. 29.5, ಒಂದು ಕ್ಲಿಕ್ಕಿಗೆ 25 ರೂಪಾಯಿಯಂತೆ 700ಕ್ಕೂ ಹೆಚ್ಚು ಕ್ಲಿಕ್ಕುಗಳ ಹಣ. ತಂತ್ರಾಂಶ ಅಷ್ಟನ್ನು ಉಳಿಸಿಕೊಟ್ಟ ಮೇಲೆ ತಾನೇ ಲಾಭದ ಮಾತು?

ಖರ್ಚಿನ ಶೇಕಡಾವಾರು ಶುಲ್ಕವಿದ್ದರೆ ಹಬ್ಬದ ತಿಂಗಳನ್ನು ಮರೆಯಬೇಡಿ. ಐದು ಲಕ್ಷಕ್ಕೆ ಶೇ. 3 ಎಂದರೆ 15,000. ದಸರಾ, ದೀಪಾವಳಿಗೆ ಖರ್ಚು ಹತ್ತು ಲಕ್ಷಕ್ಕೆ ಏರಿದರೆ 30,000, ಕೆಲಸ ಮಾತ್ರ ಅಷ್ಟೇ. ಸ್ಲ್ಯಾಬ್ ಲೆಕ್ಕವಿದ್ದರೆ, ಹಬ್ಬ ಕಳೆದು ಖರ್ಚು ಇಳಿದಾಗ ಶುಲ್ಕ ತಾನಾಗಿ ಇಳಿಯುತ್ತದೆಯೇ ಅಥವಾ ವರ್ಷವಿಡೀ ಮೇಲೆಯೇ ಉಳಿಯುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಡಾಲರಿನಲ್ಲಿ ಬಿಲ್ ಮಾಡುವ ವಿದೇಶಿ ಕಂಪನಿಯಾದರೆ ಇನ್ನೆರಡು ವಿಷಯಗಳಿವೆ. ಜಿಎಸ್‌ಟಿ ನೋಂದಣಿ ಇರುವವರು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತೆರಿಗೆಯನ್ನು ತಾವೇ ಕಟ್ಟಬೇಕಾಗುತ್ತದೆ. ಆಡಿಟರನ್ನು ಮೊದಲೇ ಕೇಳಿಕೊಳ್ಳಿ. ಎರಡನೆಯದಾಗಿ, ಭಾರತದ ಕಾರ್ಡುಗಳಲ್ಲಿ ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ಇಂಥ ಪಾವತಿ 15,000 ರೂಪಾಯಿ ಮೀರಿದರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲವೂ ನಿಮ್ಮ ದೃಢೀಕರಣ ಬೇಕು. ಒಟಿಪಿ ಬಂದದ್ದು ನೋಡದೆ ಪಾವತಿ ತಪ್ಪಿದರೆ ತಂತ್ರಾಂಶ ನಿಲ್ಲುತ್ತದೆ, ಬಜೆಟ್ ಕಾಯಲು ಅದರಲ್ಲಿ ಬರೆದಿಟ್ಟ ನಿಯಮಗಳೂ ನಿಲ್ಲುತ್ತವೆ, ಜಾಹೀರಾತು ಮಾತ್ರ ಓಡುತ್ತಲೇ ಇರುತ್ತದೆ.

ಹಂತ 6: ಡೆಮೊದಲ್ಲಿ ನಿಮ್ಮ ಪ್ರಶ್ನೆಗಳನ್ನೇ ಮುಂದಿಡಿ

ಅವರ ಮಾದರಿ ಖಾತೆಯಲ್ಲಿ ಎಲ್ಲ ಗ್ರಾಫುಗಳೂ ಮೇಲಕ್ಕೇ ಏರುತ್ತವೆ. ನಿಮ್ಮ ಅಂಕಿಗಳನ್ನು ಹಾಕಿ ತೋರಿಸಲು ಹೇಳಿ. ಈ ಕೆಳಗಿನವನ್ನು ತಪ್ಪದೆ ಪರೀಕ್ಷಿಸಿ.

ಮೊದಲನೆಯದು ಕನ್ನಡ ಪಠ್ಯ. ಗೂಗಲ್‌ನ ರೆಸ್ಪಾನ್ಸಿವ್ ಸರ್ಚ್ ಜಾಹೀರಾತಿನಲ್ಲಿ ತಲಾ 30 ಅಕ್ಷರದ 15 ಶೀರ್ಷಿಕೆಗಳನ್ನೂ 90 ಅಕ್ಷರದ 4 ವಿವರಣೆಗಳನ್ನೂ ಕೊಡಬಹುದು. ‘ಮೈಸೂರಿನಲ್ಲಿ ಸೋಲಾರ್ ಹೀಟರ್’ ಎಂಬುದನ್ನು ನಾವು ಓದುವಾಗ 11 ಅಕ್ಷರ. ಕಂಪ್ಯೂಟರಿಗೆ ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಖಾಲಿ ಜಾಗ ಎಲ್ಲವೂ ಬೇರೆ ಬೇರೆಯಾದ್ದರಿಂದ ಅದು 24. ಬೈಟುಗಳಲ್ಲಿ (ಕಂಪ್ಯೂಟರಿನ ಸ್ಮರಣೆಯ ಅಳತೆಯಲ್ಲಿ) ಎಣಿಸುವ ತಂತ್ರಾಂಶವಾದರೆ 68 ಎಂದು ಲೆಕ್ಕ ಹಾಕಿ, ಸರಿಯಾದ ಶೀರ್ಷಿಕೆಯನ್ನೇ ತಿರಸ್ಕರಿಸುತ್ತದೆ. ಇದೇ ಸಾಲನ್ನು ಅಲ್ಲಿ ಟೈಪ್ ಮಾಡಿಸಿ ನೋಡಿ. ಹಾಗೆಯೇ ಕನ್ನಡ ಕೀವರ್ಡ್‌ಗಳ ಸಿಎಸ್‌ವಿ ಕಡತವನ್ನು ಇಳಿಸಿ, ಎಕ್ಸೆಲ್‌ನಲ್ಲಿ ತೆರೆದು, ಮತ್ತೆ ಏರಿಸಿ. ಅಕ್ಷರಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಂಡರೆ ಕನ್ನಡದಂಥ ಲಿಪಿಗಳನ್ನು ಉಳಿಸಿಡುವ ಯುಟಿಎಫ್-8 ಸಂಕೇತ ಪದ್ಧತಿ ಸರಿಯಾಗಿ ನಿರ್ವಹಣೆಯಾಗಿಲ್ಲ ಎಂದರ್ಥ.

ಎರಡನೆಯದು ಬಜೆಟ್. ದಿನಕ್ಕೆ 2,000 ರೂಪಾಯಿ ಎಂದು ಕೊಟ್ಟರೂ ಗೂಗಲ್ ಒಂದು ದಿನ 4,000ದವರೆಗೆ ಖರ್ಚು ಮಾಡಬಹುದು, ತಿಂಗಳಿಗೆ 30.4 ಪಟ್ಟು, ಅಂದರೆ 60,800 ರೂಪಾಯಿ ಮೀರಿ ಶುಲ್ಕ ಹಾಕುವುದಿಲ್ಲ. ಇದನ್ನು ಅರಿಯದ ತಂತ್ರಾಂಶವು ಮಧ್ಯಾಹ್ನಕ್ಕೇ ಗಾಬರಿಗೊಂಡು ಕ್ಯಾಂಪೇನ್ ನಿಲ್ಲಿಸುತ್ತದೆ.

ಮೂರನೆಯದು ದಿನಾಂಕ. ಗೂಗಲ್ ಆಡ್ಸ್‌ನ ಮಾಮೂಲಿ ಅಂಕಣದಲ್ಲಿ ಕನ್ವರ್ಷನ್ ದಾಖಲಾಗುವುದು ಕ್ಲಿಕ್ ನಡೆದ ದಿನಕ್ಕೆ. ಸೋಮವಾರ ಕ್ಲಿಕ್ ಮಾಡಿ ಶುಕ್ರವಾರ ಕೊಂಡವರು ಸೋಮವಾರದ ಲೆಕ್ಕಕ್ಕೆ ಹೋಗುತ್ತಾರೆ. ಆದ್ದರಿಂದ ಇತ್ತೀಚಿನ ಎರಡು ಮೂರು ದಿನ ಯಾವಾಗಲೂ ಬಡವಾಗಿಯೇ ಕಾಣುತ್ತದೆ. ‘ಮೂರು ದಿನ ಫಲ ಬಾರದಿದ್ದರೆ ನಿಲ್ಲಿಸು’ ಎಂಬ ಸಿದ್ಧ ನಿಯಮ ತಂತ್ರಾಂಶದಲ್ಲಿ ಮೊದಲೇ ಚಾಲೂ ಇದ್ದರೆ ಅದನ್ನು ತಪ್ಪದೆ ನಿಲ್ಲಿಸಿ. ವರದಿಯ ಸಮಯ ವಲಯ ಭಾರತದ್ದೇ ಎಂಬುದನ್ನೂ ನೋಡಿ. ಇಲ್ಲವಾದರೆ ದಿನದ ಅಂಕಿಗಳು ಎಂದೂ ತಾಳೆಯಾಗುವುದಿಲ್ಲ.

ನಾಲ್ಕನೆಯದು ಕೂಡಿಸುವ ರೀತಿ. ಮೆಟಾ ತನ್ನ ಮಾಮೂಲಿ ಲೆಕ್ಕದಲ್ಲಿ ಕ್ಲಿಕ್ ಮಾಡಿ 7 ದಿನದೊಳಗೆ ಕೊಂಡವರ ಜೊತೆಗೆ, ಜಾಹೀರಾತನ್ನು ಬರೀ ನೋಡಿ 1 ದಿನದೊಳಗೆ ಕೊಂಡವರನ್ನೂ ಸೇರಿಸುತ್ತದೆ. ಅದೇ ಗಿರಾಕಿಯನ್ನು ಗೂಗಲ್ ಕೂಡ ತನ್ನವನೆಂದು ಎಣಿಸಿರಬಹುದು. ಎರಡನ್ನೂ ಕೂಡಿಸಿ ಒಂದೇ ದೊಡ್ಡ ಸಂಖ್ಯೆ ತೋರಿಸುವ ಪುಟವನ್ನು ನಂಬಬೇಡಿ.

ಹಂತ 7: ಅನುಮತಿಯನ್ನು ಬಿಗಿಯಾಗಿ ಕೊಡಿ

ಮಾಲೀಕರ ಲಾಗಿನ್‌ನಿಂದಲೇ ತಂತ್ರಾಂಶವನ್ನು ಜೋಡಿಸುವುದು ಸಾಮಾನ್ಯ ತಪ್ಪು. ಜೋಡಿಸಿದ ಲಾಗಿನ್‌ಗೆ ಎಷ್ಟು ಅಧಿಕಾರವಿದೆಯೋ ತಂತ್ರಾಂಶಕ್ಕೂ ಅಷ್ಟೇ ಸಿಗುತ್ತದೆ. ಆದ್ದರಿಂದ ಇದಕ್ಕೆಂದೇ ಬೇರೆ ಗೂಗಲ್ ಲಾಗಿನ್ ತೆರೆದು, ಮೊದಲು ‘ಓದಲು ಮಾತ್ರ’ ಅನುಮತಿ ಕೊಟ್ಟು ಜೋಡಿಸಿ. ಒಂದು ವಾರ ಅದು ಸೂಚನೆಗಳನ್ನಷ್ಟೇ ಕೊಡಲಿ. ಸೂಚನೆಗಳು ವಿವೇಕದಿಂದ ಕೂಡಿವೆ ಎನಿಸಿದ ಮೇಲೆ ‘ಸ್ಟ್ಯಾಂಡರ್ಡ್’ ಅನುಮತಿಗೆ ಏರಿಸಿ. ಅಡ್ಮಿನ್ ಅಧಿಕಾರ ಎಂದಿಗೂ ಬೇಡ. ಬೇರೆ ಲಾಗಿನ್ ಇದ್ದರೆ ಇನ್ನೊಂದು ಲಾಭವಿದೆ: ಬದಲಾವಣೆ ಇತಿಹಾಸದ ಪುಟದಲ್ಲಿ ತಂತ್ರಾಂಶ ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು ಎಂದು ಬೇರ್ಪಡಿಸಿ ನೋಡಬಹುದು.

ಗ್ರಾಹಕರ ಫೋನ್ ನಂಬರು, ಇಮೇಲ್‌ಗಳ ಪಟ್ಟಿಯನ್ನು ತಂತ್ರಾಂಶ ಕೇಳಿದರೆ ಏಕೆ, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಕೇಳಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಅಡಿಯಲ್ಲಿ ಹೊಣೆಗಾರರಾಗುವವರು ಮಾಹಿತಿ ಸಂಗ್ರಹಿಸಿದ ನೀವು.

ಹಂತ 8: ಒಂದು ಭಾಗದಲ್ಲಿ ಮಾತ್ರ ಪ್ರಯೋಗಿಸಿ

14 ದಿನದ ಉಚಿತ ಬಳಕೆ ಎನ್ನುವುದು ಪರದೆಗಳನ್ನು ಪರಿಚಯ ಮಾಡಿಕೊಳ್ಳಲು ಸಾಕು, ಫಲಿತಾಂಶ ಅಳೆಯಲು ಸಾಲದು. ಗೂಗಲ್ ಆಡ್ಸ್ ವರದಿಯಲ್ಲಿ, ಕ್ಲಿಕ್‌ನಿಂದ ಕನ್ವರ್ಷನ್‌ಗೆ ಎಷ್ಟು ದಿನ ಹಿಡಿಯುತ್ತದೆ ಎಂದು ವಿಂಗಡಿಸಿ ನೋಡಬಹುದು. ನಿಮ್ಮ ಗಿರಾಕಿಗಳು ಸರಾಸರಿ ಹತ್ತು ದಿನ ಯೋಚಿಸುತ್ತಾರೆಂದರೆ ಕನಿಷ್ಠ ಆರು ವಾರದ ಪ್ರಯೋಗ ಬೇಕು. ಅಷ್ಟು ಕಾಲಾವಕಾಶವನ್ನು ಮಾರುವವರಿಂದ ಕೇಳಿ ಪಡೆಯಿರಿ. ಕೇಳಿದರೆ ಹಲವರು ಕೊಡುತ್ತಾರೆ.

ಆರಂಭಿಸುವ ಮುನ್ನ ಎಡಿಟರ್‌ನಿಂದ ಇಡೀ ಖಾತೆಯ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಗೂಗಲ್‌ನ ಸಲಹೆಗಳು ತಾವಾಗಿ ಜಾರಿಯಾಗುವ ಸೌಲಭ್ಯ ಚಾಲೂ ಇದ್ದರೆ ನಿಲ್ಲಿಸಿ. ಇಲ್ಲದಿದ್ದರೆ ನೀವು, ಗೂಗಲ್, ತಂತ್ರಾಂಶ ಮೂವರೂ ಒಂದೇ ಪಾತ್ರೆಗೆ ಉಪ್ಪು ಹಾಕಿದಂತಾಗುತ್ತದೆ. ಗೂಗಲ್ ಆಡ್ಸ್‌ನ ಎಕ್ಸ್‌ಪೆರಿಮೆಂಟ್ ಸೌಲಭ್ಯದಲ್ಲಿ ಒಂದು ಕ್ಯಾಂಪೇನ್‌ ಅನ್ನು ಅರ್ಧರ್ಧ ಹಂಚಿ, ಒಂದು ಅರ್ಧವನ್ನು ಮಾತ್ರ ತಂತ್ರಾಂಶಕ್ಕೆ ಒಪ್ಪಿಸಿ. ಅದು ಹೊಂದದಿದ್ದರೆ ಹೆಚ್ಚುಕಡಿಮೆ ಸಮನಾದ ಎರಡು ಕ್ಯಾಂಪೇನ್‌ಗಳನ್ನು ಆರಿಸಿಕೊಳ್ಳಿ. ಹಬ್ಬದ ತಿಂಗಳಲ್ಲಿ ತಂತ್ರಾಂಶ ಹಾಕಿ, ಅದರ ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಯಾವ ತಂತ್ರಾಂಶವಾದರೂ ಗೆಲ್ಲುತ್ತದೆ.

ಅಳತೆ ಎರಡೇ ಇರಲಿ: ಒಬ್ಬ ನಿಜವಾದ ಗಿರಾಕಿಗೆ ತಗುಲಿದ ಖರ್ಚು, ತಂತ್ರಾಂಶದ ಶುಲ್ಕವನ್ನೂ ಸೇರಿಸಿ, ಮತ್ತು ದಿನಚರಿಯಲ್ಲಿ ಉಳಿತಾಯವಾದ ನಿಮಿಷಗಳು. ಕ್ಲಿಕ್ ಹೆಚ್ಚಿತು, ಕ್ಲಿಕ್ಕಿನ ಬೆಲೆ ಇಳಿಯಿತು ಎಂಬ ವರದಿಯನ್ನು ಬದಿಗಿಡಿ. ಮೂರನೆಯ ವಾರದಲ್ಲಿ ಬೇಕೆಂದೇ ಒಂದು ದೂರು ಕೊಟ್ಟು, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟುಕೊಳ್ಳಿ. ಉತ್ತರ ಕೊಡುವವರು ನಿಮ್ಮ ರಾತ್ರಿ ಹೊತ್ತಿನಲ್ಲಿ ಮಾತ್ರ ಎಚ್ಚರವಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 9: ಸಹಿ ಹಾಕುವಾಗಲೇ ಬಿಡುವ ದಾರಿ ನೋಡಿಕೊಳ್ಳಿ

ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಮಿಷಕ್ಕೆ ಮೊದಲ ವರ್ಷ ಒಪ್ಪಬೇಡಿ. ನವೀಕರಣ ತಾನಾಗಿ ಆಗುವುದಾದರೆ ಎಷ್ಟು ದಿನ ಮೊದಲು ಬೇಡವೆಂದು ತಿಳಿಸಬೇಕು ಎಂಬ ಸಾಲನ್ನು ಒಪ್ಪಂದದಲ್ಲಿ ಹುಡುಕಿ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವರ ಬಳಿ ಸೇರಿದ ಹಳೆಯ ವರದಿಗಳನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ಹಿಂಪಡೆಯುವ ಹಕ್ಕು ಬರವಣಿಗೆಯಲ್ಲಿರಲಿ.

ಬಿಡುವ ದಿನ ಬಂದಾಗ ಹಣ ನಿಲ್ಲಿಸುವ ಮುನ್ನ ಖಾತೆಯನ್ನು ತೊಳೆಯಬೇಕು. ತಂತ್ರಾಂಶ ಹಾಕಿದ ಲೇಬಲ್‌ಗಳು, ಸ್ಕ್ರಿಪ್ಟ್‌ಗಳು, ನಿಯಮಗಳನ್ನು ತೆಗೆಯಿರಿ. ಅದಕ್ಕೆಂದು ತೆರೆದ ಲಾಗಿನ್‌ನ ಅನುಮತಿ ರದ್ದು ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ ಟ್ರ್ಯಾಕಿಂಗ್ ಟೆಂಪ್ಲೇಟ್ (ಕ್ಲಿಕ್ ಎಣಿಸಲು ಜಾಹೀರಾತಿಗೆ ಜೋಡಿಸುವ ವಿಳಾಸ) ನೋಡಿ. ಕೆಲವು ತಂತ್ರಾಂಶಗಳು ಪ್ರತಿ ಕ್ಲಿಕ್ಕನ್ನೂ ತಮ್ಮ ಸರ್ವರ್ ಮೂಲಕ ಎಣಿಸುತ್ತವೆ. ಚಂದಾ ಮುಗಿದು ಆ ಸರ್ವರ್ ಬಾಗಿಲು ಮುಚ್ಚಿದರೆ, ಎಣಿಕೆ ತಪ್ಪಬಹುದು, ಕೆಲವು ಸಲ ನೀವು ಹಣ ತೆತ್ತ ಕ್ಲಿಕ್ಕುಗಳು ದೋಷ ಸಂದೇಶದ ಪುಟಕ್ಕೆ ಹೋಗಿ ನಿಲ್ಲಲೂಬಹುದು. ಖಾತೆ, ಕ್ಯಾಂಪೇನ್, ಜಾಹೀರಾತು ಗುಂಪು, ಜಾಹೀರಾತು, ಕೀವರ್ಡ್ ಈ ಐದೂ ಮಟ್ಟಗಳಲ್ಲಿ ಟೆಂಪ್ಲೇಟ್ ಅಡಗಿರಬಹುದು. ಎಡಿಟರ್‌ನಲ್ಲಿ ಆ ಕಂಪನಿಯ ಡೊಮೇನ್ ಹೆಸರನ್ನು ಹುಡುಕಿ, ಸಿಕ್ಕಿದ್ದನ್ನೆಲ್ಲ ಅಳಿಸಿ ಏರಿಸಿ, ಗೂಗಲ್ ಆಡ್ಸ್ ಜಾಲತಾಣದಲ್ಲಿ ಟೆಂಪ್ಲೇಟ್ ಪಕ್ಕದಲ್ಲಿರುವ ‘ಟೆಸ್ಟ್’ ಗುಂಡಿ ಒತ್ತಿ ನಿಮ್ಮದೇ ಪುಟ ತೆರೆಯುವುದನ್ನು ಕಣ್ಣಾರೆ ಕಂಡ ಮೇಲೆ ಕೊನೆಯ ಬಿಲ್ ಚುಕ್ತಾ ಮಾಡಿ.